ಒಲೆಗೆ ನೀರು ಹಾಕಿ ಹೋದವಳು

ಇವತ್ತು ಬೆಳಿಗ್ಗೆ ನಲ್ಲಿ ನೀರು ಹಿಡಿದೆ. ಹಿಟ್ಟು ಜರಡಿ ಹಿಡಿದು ಎಂಟು ರೊಟ್ಟಿ ಬಡಿದೆ, ಹೆಸರುಕಾಳಿಗೆ ಒಗ್ಗರಣೆ ಕೊಟ್ಟೆ. ಮನೆಯವರ ಅಂಗಿಗೆ ಎರಡು ಗುಂಡಿ ಹಚ್ಚಿದೆ. ಹಾಲಿನವಳಿಗೆ ನಾಳೆ ಅರ್ಧ ಲೀಟರ್ ಸಾಕು ಅಂದೆ. ಬಿಸಿಲಿಗೆ ಹಾಕಿದ್ದ ಕೌದಿ ಮಡಚಿಟ್ಟು ಹನ್ನೊಂದರ ಬಸ್ಸಿಗೆ ಮಟಕಿ ಊರಿಗೆ ಹೋದೆ. ಅಲ್ಲಿ ನಾದಿನಿಯ ಮನೆಗೆ ಗ್ಯಾಸ್ ಬಂದಿದೆ. ಮೂಲೆಯ ಮಣ್ಣಿನ ಒಲೆ ಒಡೆದು ಕಟ್ಟೆ ಕಟ್ಟಿಸುವುದಿತ್ತು, ಒಂದು ಕೈ ಹಚ್ಚು ಬಾ ಎಂದು ಕರೆದಿದ್ದಳು. ಬೆಳಿಗ್ಗೆ ಕಡೆಯ ಸಲ ಅದರ ಮೇಲೆ ಚಹಾ ಕಾಸಿದ್ದರು, ಕೆಂಡ ಇನ್ನೂ ಇತ್ತು. ಕಟ್ಟೆ ಕಟ್ಟಲು ಬಂದ ಗೌಂಡಿಗೆ ಅವಸರ. ನಾದಿನಿ ಒಂದು ತಂಬಿಗೆ ನೀರು ತಂದು ಸುರಿದೇಬಿಟ್ಟಳು. ಚೊರ್ ಎಂದು ಸಪ್ಪಳವಾಗಿ ಬೂದಿ ಬೆರೆತ ಉಗಿ ಎದ್ದಿತು. ಮೂಗಿಗೆ ಸುಣ್ಣ ಕುದಿಸಿದಂಥ ಘಾಟು ಹೊಡೆಯಿತು.

ಆ ಘಾಟಿಗೆ ನನಗೆ ಒಂದು ಮಳೆಗಾಲ ನೆನಪಾಯಿತು. ವಿಚಿತ್ರವೆಂದರೆ ಆ ಮಳೆಗಾಲದಲ್ಲಿ ನಾನು ಈ ಉಗಿಯನ್ನು ಮೂಗಿನಿಂದ ಕಂಡವಳೇ ಅಲ್ಲ. ಮೂರು ಊರುಗಳಲ್ಲಿ, ಮೂರು ರವಿವಾರ, ಬಿಳಿ ಪರದೆಯ ಮೇಲೆ ನೋಡಿದವಳು.

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಆಳಂದದ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದೆ. ಸೀಸದ ಅಕ್ಷರಗಳನ್ನು ಗೂಡುಗಳಿಂದ ಒಂದೊಂದೇ ಆರಿಸಿ, ತಲೆಕೆಳಗಾಗಿ, ಸಾಲು ಕಟ್ಟುವ ಕೆಲಸ. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ತೀರಿಕೊಂಡವರ ಸುದ್ದಿಚೀಟಿ, ಇವುಗಳ ನಡುವೆ ಪ್ರತಿ ಗುರುವಾರ ಹೊರಡುವ ನಾಲ್ಕು ಪುಟದ ವಾರಪತ್ರಿಕೆ. ಪ್ರೆಸ್ಸಿನ ಮಾಲಕರೂ ಪತ್ರಿಕೆಯ ಸಂಪಾದಕರೂ ಅಣ್ಣಾರಾಯರೇ. ಎರಡೂ ಕಣ್ಣಿಗೆ ಪೊರೆ ಬರತೊಡಗಿದ್ದ ಐವತ್ತೆಂಟರ ಮನುಷ್ಯ. ನಿಧಾನಸ್ಥರು, ಪುಕ್ಕಲರು, ಒಳ್ಳೆಯವರು.

ಆ ವರ್ಷ ಮಿರ್ಗದ, ಅಂದರೆ ಮೃಗಶಿರೆಯ, ಮಳೆ ಹೊತ್ತಿಗೆ ಸರಿಯಾಗಿ ಬಂದು, ತೊಗರಿ ಬಿತ್ತನೆ ಮುಗಿದು, ಊರಿನ ಎರೆಮಣ್ಣು ಚಪ್ಪಲಿಗಳನ್ನು ಕಿತ್ತಿಟ್ಟುಕೊಳ್ಳುತ್ತಿದ್ದ ದಿನಗಳಲ್ಲಿ ಗುಲ್ಬರ್ಗದ ಒಂದು ಚಿತ್ರಸಂಘದಿಂದ ಪತ್ರ ಬಂತು. ಯಾವುದೋ ದೊಡ್ಡ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿರುವ ಐದು ಕಿರುಚಿತ್ರಗಳು ತಮ್ಮ ಕೈಗೆ ಬಂದಿವೆ. ಗೊಂಬೆಚಿತ್ರಗಳಲ್ಲ, ನಟರು ಅಭಿನಯಿಸಿದ ಕಥೆಗಳು. ಒಂದೊಂದು ಇಪ್ಪತ್ತು ನಿಮಿಷದೊಳಗಿನವು. ಆಳಂದ, ಜೇವರ್ಗಿ, ಅಫಜಲಪುರಗಳಲ್ಲಿ ರವಿವಾರಕ್ಕೊಂದರಂತೆ ತೋರಿಸುತ್ತೇವೆ, ಪತ್ರಿಕೆಯವರು ನೋಡಿ ವಿಮರ್ಶೆ ಬರೆಯಬೇಕು ಎಂದಿತ್ತು. ನಮ್ಮಲ್ಲಿ ಸಿನಿಮಾ ಬರೆಯುತ್ತಿದ್ದ ವಕೀಲರಿಗೆ ಮಲೇರಿಯಾ ಬಂದು ಮಲಗಿದ್ದರು. ಅಣ್ಣಾರಾಯರು ನನ್ನ ಕಡೆ ನೋಡಿದರು.

“ನೀನೇ ಬರಿ ಬೇ ಸುಗಲಾ. ಟೂರಿಂಗ್ ಟಾಕೀಸಿನಾಗ ಒಂದರೆ ಸಿನಿಮಾ ಬಿಟ್ಟೀ ಏನು ನೀ?”

ನನಗೆ ಬರೆಯಲು ಬರುವುದಿಲ್ಲ, ಜೋಡಿಸಲು ಅಷ್ಟೇ ಬರುತ್ತದೆ ಎಂದೆ.

“ಹಂಗಾದ್ರ ಬರೀಬ್ಯಾಡ. ಜೋಡ್ಸು.”

ಚೇಷ್ಟೆಗೆ ಅಂದರೋ ಏನೋ, ನಾನು ಹಾಗೆಯೇ ಮಾಡಿದೆ. ಅದಕ್ಕೇ ನನ್ನ ಮೊದಲ ವಿಮರ್ಶೆಗೆ ಹಸ್ತಪ್ರತಿ ಎಂಬುದೇ ಇಲ್ಲ. ಮನಸ್ಸಿನಿಂದ ನೇರ ಸೀಸಕ್ಕೆ ಇಳಿದದ್ದು ಅದು.

ಆಳಂದದ ಪ್ರದರ್ಶನ ಶಾಲೆಯೊಂದರ ಉದ್ದನೆಯ ಕೋಣೆಯಲ್ಲಿ, ಮಧ್ಯಾಹ್ನ ಮೂರಕ್ಕೆ. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದರು. ಒದ್ದೆ ಕಂಬಳಿಯ ವಾಸನೆಯಲ್ಲಿ ಕೂತು ನಾನು ಐದೂ ನೋಡಿದೆ. ಗಡಿಯಾರ ರಿಪೇರಿ ಮಾಡುವ ಮುದುಕನದು ಒಂದು. ಆತನ ಕೈ ಬಹಳ ಚಂದ, ಮಾತು ಬಹಳ ಉದ್ದ. ಒಂದೇ ಬಾವಿಗೆ ಎರಡು ಹಗ್ಗ ಇಳಿಬಿಡುವ ಅಣ್ಣತಮ್ಮಂದಿರದು ಇನ್ನೊಂದು. ಮೂರನೆಯದರಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯ ಚಪ್ಪಲಿಯ ಉಂಗುಟ ಮೊದಲು ಹರಿದಿತ್ತು, ನಡುವೆ ನೆಟ್ಟಗಾಯಿತು, ಕಡೆಗೆ ಮತ್ತೆ ಹರಿದಿತ್ತು, ಆ ಎಡವಟ್ಟನ್ನು ಬರೆದೆ. ನಾಲ್ಕನೆಯದು ಪಟ್ಟಣದಲ್ಲಿ ದೊಡ್ಡ ಕನ್ನಡಿ ಹೊತ್ತು ತಿರುಗುವವನ ಕಥೆ. ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೇ ಬರೆದೆ.

ಐದನೆಯದು ನಮ್ಮ ಕಡೆಯದು. ಎರೆಹೊಲದ ಊರು, ಕಲ್ಲಿನ ಮನೆ, ಮಧ್ಯಾಹ್ನ. ಗಂಡ ಎಲ್ಲಿದ್ದಾನೋ ಹೇಳುವುದಿಲ್ಲ. ಅತ್ತೆ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದಾಳೆ. ಸೊಸೆ ಒಬ್ಬಳೇ ಮನೆತುಂಬ ಓಡಾಡುತ್ತಾಳೆ. ಜೋಳ ಹಸನು ಮಾಡುತ್ತಾಳೆ, ಅತ್ತೆಗೆ ಉಣಿಸುತ್ತಾಳೆ, ಭಾಂಡೆ ತಿಕ್ಕುತ್ತಾಳೆ, ಕಡೆಗೆ ಒಲೆಯ ಮುಂದೆ ಕೂತು ಒಂದು ತಂಬಿಗೆ ನೀರು ಕೆಂಡದ ಮೇಲೆ ಸುರಿಯುತ್ತಾಳೆ. ಉಗಿ ಏಳುತ್ತದೆ. ಕೈ ಒರೆಸಿಕೊಂಡು ಬಾಗಿಲಿಗೆ ಬಂದು “ಬರ್ತೇನ್ರಿ ಅತ್ತಿ” ಎಂದು ಬರಿಗೈಯಲ್ಲಿ ಬಸ್ಸಿನ ದಾರಿ ಹಿಡಿಯುತ್ತಾಳೆ. ಅಲ್ಲಿಗೆ ಮುಗಿಯಿತು.

ಬೆಂಗಳೂರಿನ ಪತ್ರಿಕೆಗಳಲ್ಲಿ ಆಗಲೇ ಇದರ ಬಗ್ಗೆ ಬಂದಿತ್ತು. ಆಕೆ ಗಂಟು ಕಟ್ಟಿಕೊಂಡಿಲ್ಲ, ಬರುತ್ತೇನೆ ಎಂದು ಹೇಳಿ ಹೋಗಿದ್ದಾಳೆ, ಆದ್ದರಿಂದ ಇದು ಮರಳುವಿಕೆಯ, ಭರವಸೆಯ ಚಿತ್ರ ಎಂದು ಎಲ್ಲರೂ ಬರೆದಿದ್ದರು. ನನಗೆ ನಗು ಬಂತು. ನಮ್ಮ ಕಡೆ ಮನೆ ಬಿಟ್ಟು ಹೊರಡುವವರು ಯಾರಾದರೂ ಬರ್ತೇನಿ ಅನ್ನದೆ ಹೋಗ್ತೇನಿ ಅಂತಾರೆಯೇ? ಅದು ನಾಲಗೆಯ ರೂಢಿ. ಆದರೆ ಒಲೆಯ ವಿಷಯ ಹಾಗಲ್ಲ. ಸಂಜೆಗೆ ತಿರುಗಿ ಬರುವ ಹೆಂಗಸು ಕೆಂಡಕ್ಕೆ ಬೂದಿ ಮುಚ್ಚಿ ಹೋಗುತ್ತಾಳೆ, ಬಂದು ಊದಿದರೆ ಹೊತ್ತುತ್ತದೆ. ಹೊತ್ತಿದ ಒಲೆಗೆ ನೀರು ಸುರಿಯುವುದು ಆ ಒಲೆಯ ಸಂಬಂಧ ಮುಗಿದಾಗ.

ನಾನು ಜೋಡಿಸಿದ ಕಡೆಯ ಸಾಲು ಇಷ್ಟೇ: ಆಕೆ ಒಲೆಗೆ ನೀರು ಹಾಕಿದ್ದಾಳೆ, ಆಕೆ ಮರಳಿ ಬರುವುದಿಲ್ಲ.

ಅಣ್ಣಾರಾಯರು ಪ್ರೂಫ್ ನೋಡಿ ಹೊಗಳಿದರು. ಆಮೇಲೆ ಪೆನ್ಸಿಲ್ ತೆಗೆದು, “ಆಕೆ ಮರಳಿ” ಎಂಬುದಕ್ಕೆ ಮೊದಲು ಒಂದು ಗುರುತು ಹಾಕಿ, “ಬಹುಶಃ” ಎಂದು ಬರೆದರು. ದೊಡ್ಡ ದೊಡ್ಡವರು ಬೇರೆ ಬರೆದಿದ್ದಾರೆ, ಒಂದು ಬಹುಶಃ ಇದ್ದರೆ ಯಾರಿಗೂ ನೋವಿಲ್ಲ ಎಂದರು. ನಮ್ಮ ಗೂಡಿನಲ್ಲಿ ವಿಸರ್ಗದ ಮೊಳೆ ಇದ್ದದ್ದೇ ನಾಲ್ಕೋ ಐದೋ. ತೀರಿಕೊಂಡವರ ಸುದ್ದಿಚೀಟಿಗೆ ‘ದುಃಖ’ ಬೇಕಲ್ಲ, ಅದಕ್ಕೆಂದು ಬೇರೆ ಡಬ್ಬಿಯಲ್ಲಿ ತೆಗೆದಿಟ್ಟಿದ್ದವು. ಆ ಡಬ್ಬಿ ತೆರೆದು ಒಂದು ತಂದು, ನನ್ನ ಕೈಯಾರೆ ಬಹುಶಃ ಜೋಡಿಸಿದೆ. ಇದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ವಿಮರ್ಶೆ ‘ನಮ್ಮ ಪ್ರತಿನಿಧಿಯಿಂದ’ ಎಂದು ಅಚ್ಚಾಯಿತು.

ಅಷ್ಟು ಮೆತ್ತಗೆ ಮಾಡಿದರೂ ಸಾಲಲಿಲ್ಲ. ಶನಿವಾರ ಚಿತ್ರಸಂಘದ ಅಧ್ಯಕ್ಷರಿಂದ ಪತ್ರ ಬಂತು. ಅವರು ಕಾಲೇಜಿನಲ್ಲಿ ಪಾಠ ಹೇಳುವವರು, ಎಲ್ಲರೂ ಪ್ರೊಫೆಸರ್ ಸಾಹೇಬರು ಎನ್ನುತ್ತಿದ್ದರು. ಚಿತ್ರದ ಆಶಯಕ್ಕೆ ಪೂರಾ ವಿರುದ್ಧವಾದ ವಿಮರ್ಶೆ ಬಂದಿದೆ, ಪ್ರಶಸ್ತಿಯ ಹೊತ್ತಿನಲ್ಲಿ ಇದರಿಂದ ಧಕ್ಕೆಯಾಗುತ್ತದೆ, ತಿದ್ದುಪಡಿ ಹಾಕಬೇಕು, ಇಲ್ಲವಾದರೆ ಸಂಘದ ನೆನಪಿನ ಸಂಚಿಕೆಯ ಮುದ್ರಣವನ್ನು ಬೇರೆ ಪ್ರೆಸ್ಸಿಗೆ ಕೊಡಬೇಕಾಗುತ್ತದೆ ಎಂದಿದ್ದರು. ಆ ಸಂಚಿಕೆ ನಮಗೆ ಎರಡು ತಿಂಗಳ ಕೆಲಸ. ಅಣ್ಣಾರಾಯರು ಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದರು.

“ಅಫಜಲಪುರದ ಆಟಕ್ಕ ಡೈರೆಕ್ಟರ್ ಖುದ್ದು ಬರಾಕತ್ತಾರಂತ. ಅವರ ಮಾತು ಕೇಳಿ ಬಾ. ಬಂದು ತಿದ್ದುಪಡಿ ಜೋಡ್ಸು. ಇಲ್ಲಾಂದ್ರ ನಿನ್ನ ಕೆಲಸದ ಮಾತು ನಾ ಹೇಳಾಕಾಗೂದಿಲ್ಲ ನೋಡು.”

ಆ ರಾತ್ರಿ ನನಗೆ ನನ್ನ ಕಣ್ಣಿನ ಮೇಲೇ ಸಂಶಯ ಹುಟ್ಟಿತು. ಒಂದೇ ಸಲ ನೋಡಿದ್ದು, ಕಂಬಳಿ ಸರಿದು ಬೆಳಕು ಬೇರೆ ಒಳಗೆ ಬರುತ್ತಿತ್ತು. ಆಕೆ ಸುರಿದದ್ದು ನೀರೇ ಹೌದೋ? ಬೂದಿ ಎದ್ದದ್ದನ್ನು ಉಗಿ ಎಂದುಕೊಂಡೆನೋ? ಪುಸ್ತಕವಾದರೆ ಹಾಳೆ ತಿರುವಿ ನೋಡಬಹುದು. ಸಿನಿಮಾ ಹಾಗಲ್ಲ, ಅದು ಇರುವ ಊರಿಗೆ ನಾವೇ ಹೋಗಬೇಕು. ಮರುದಿನ ನಸುಕಿನಲ್ಲೆದ್ದು ಎರಡು ಹೊತ್ತಿನ ಅಡುಗೆ ಮಾಡಿಟ್ಟು ಜೇವರ್ಗಿಗೆ ಹೊರಟೆ. ಮನೆಯವರದು ಸೈಕಲ್ ಅಂಗಡಿ. ಅವರು ಬಸ್‌ಸ್ಟ್ಯಾಂಡಿನವರೆಗೆ ಸೈಕಲ್ ಮೇಲೆ ಬಿಟ್ಟು, ಅದೇ ಸಿನಿಮಾ ಇನ್ನೊಂದು ಸಲ ನೋಡಲು ಇಷ್ಟು ದೂರವೇ ಎಂದು ನಕ್ಕರು. ನಮ್ಮತ್ತೆ ನೀಲಮ್ಮ ಮಾತ್ರ ಏನೂ ಕೇಳದೆ ಬುತ್ತಿಯ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾಹಿಂಡಿ ಕಟ್ಟಿಕೊಟ್ಟಿದ್ದರು.

ಗುಲ್ಬರ್ಗದಲ್ಲಿ ಬಸ್ಸು ಬದಲಿಸಿದೆ. ಭೀಮಾ ಕೆಂಪಗೆ ತುಂಬಿ ಸೇತುವೆಯ ಕಂಬಗಳಿಗೆ ಮೈ ತಿಕ್ಕುತ್ತ ಹೊರಟಿತ್ತು. ಜೇವರ್ಗಿಯಲ್ಲಿ ಪ್ರದರ್ಶನ ಒಂದು ತಗಡಿನ ಗೋದಾಮಿನಲ್ಲಿ. ಐದನೆಯ ಚಿತ್ರ ಶುರುವಾಗುವ ಹೊತ್ತಿಗೆ ಮಳೆ ಹಿಡಿಯಿತು. ಎಂಥ ಮಳೆಯೆಂದರೆ ತಗಡಿನ ಮೇಲೆ ಯಾರೋ ಜೋಳದ ಚೀಲ ಬಿಚ್ಚಿ ಸುರಿಯುತ್ತಿದ್ದಂತೆ. ಪರದೆಯ ಮೇಲೆ ಬಾಯಿ ಆಡುತ್ತಿದ್ದವು, ಮಾತು ಒಂದೂ ಕೇಳದು. ನನ್ನ ಹಿಂದೆ ನೆಲದ ಮೇಲೆ ಹತ್ತಿಪ್ಪತ್ತು ಹೆಂಗಸರು ಸೆರಗಿನಲ್ಲಿ ಫುಟಾಣಿ ಇಟ್ಟುಕೊಂಡು ಕೂತಿದ್ದರು. ಮುಂದಿನ ಗಂಡಸರು ಮಾತು ಕೇಳದ ಸಿನಿಮಾ ಎಂದು ಬೇಸತ್ತು ಬೀಡಿ ಹಚ್ಚಿದ್ದರು.

ಆಕೆ ತಂಬಿಗೆ ಎತ್ತಿದಳು. ನೀರೇ. ಉಗಿಯೇ. ನನ್ನ ಹಿಂದೆ ಫುಟಾಣಿ ಅಗಿಯುವುದು ನಿಂತಿತು. ಒಬ್ಬ ಮುದುಕಿ ನನ್ನ ಕಿವಿಗೇ ಹೇಳುವ ಹಾಗೆ ಜೋರಾಗಿ, ನಿರಾಳವಾಗಿ ಹೇಳಿದಳು.

“ಹ್ವಾದ್ಲು ಬಿಡು.”

ಚಿತ್ರದ ಹೆಂಗಸು ಇನ್ನೂ ಒಲೆಯ ಮುಂದಿಂದ ಎದ್ದೇ ಇರಲಿಲ್ಲ. ಅವಳು ಬಾಗಿಲಿಗೆ ಬಂದು ತುಟಿ ಆಡಿಸಿದಾಗ ಇನ್ನೊಬ್ಬಳು, ಏನಂದಳು ಆಕೆ ಎಂದು ಕೇಳಿದಳು. ಮುದುಕಿ ಫುಟಾಣಿ ಬಾಯಿಗೆ ಹಾಕಿಕೊಳ್ಳುತ್ತ, “ಏನರೆ ಅನ್ಲಿ. ಒಲಿಗಿ ನೀರ್ ಹಾಕ್ಯಾಳಲ್ಲ” ಎಂದಳು.

ಅವತ್ತು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಒಳಗೆ ಬರುವ ಎರಚಲು ಒರೆಸಿಕೊಳ್ಳುತ್ತ, ಆ ಬಹುಶಃ ಎಂಬ ಮಾತಿನ ಮೇಲೆ ನನಗೆ ಸಿಟ್ಟು ಬಂತು. ಅದನ್ನು ಜೋಡಿಸಿದ ನನ್ನ ಬೆರಳುಗಳ ಮೇಲೆ ಇನ್ನೂ ಹೆಚ್ಚು ಬಂತು.

ಮೂರನೆಯ ರವಿವಾರ ಅಫಜಲಪುರ. ಶ್ರಾವಣ ಹಿಡಿದಿತ್ತು, ಮಳೆ ಬಿಟ್ಟು ಎಳೆಬಿಸಿಲು. ಬಸ್ಸಿನ ತುಂಬ ಗಾಣಗಾಪುರಕ್ಕೆ ಹೊರಟ ಮರಾಠಿ ಯಾತ್ರಿಕರು. ಅವರು ಚೌಡಾಪುರದಲ್ಲಿ ಇಳಿದ ಮೇಲೆ ಕಾಲು ಚಾಚಲು ಜಾಗ ಸಿಕ್ಕಿತು. ಚಿತ್ರ ಮುಗಿದು ಕಂಬಳಿಗಳನ್ನು ಸರಿಸಿದಾಗ ಪರದೆಯ ಮುಂದೆ ಎರಡು ಕುರ್ಚಿ ಹಾಕಿದರು. ಒಂದರಲ್ಲಿ ಪ್ರೊಫೆಸರ್ ಸಾಹೇಬರು, ಇನ್ನೊಂದರಲ್ಲಿ ಚಿತ್ರದ ನಿರ್ದೇಶಕರು. ಖಾದಿ ಜುಬ್ಬಾ, ತೆಳ್ಳಗಿನ ಗಡ್ಡ, ಮೂವತ್ತರೊಳಗಿನ ಹುಡುಗ. ಬೆಂಗಳೂರಿನವರು. ಆಳಂದದ ಆಟದಲ್ಲಿ ನನ್ನನ್ನು ಕಂಡಿದ್ದ ಪ್ರೊಫೆಸರ್ ಸಾಹೇಬರು ಗುರುತಿಸಿ, ಆಳಂದದ ಪತ್ರಿಕೆಯವರಿಗೆ ಏನೋ ಗೊಂದಲವಿದೆ, ಕೇಳಲಿ ಎಂದರು. ಜನ ಎಲ್ಲ ತಿರುಗಿ ನೋಡಿದರು.

ನಾನು ಎದ್ದು ನಿಂತು, ಆಕೆ ಒಲೆಗೆ ಯಾಕೆ ನೀರು ಹಾಕಿದಳು ಎಂದು ಕೇಳಿದೆ.

ನಿರ್ದೇಶಕರು ಸುಳ್ಳು ಹೇಳುವ ಮನುಷ್ಯನಲ್ಲ. ಹೇಳಿದ್ದು ಹೀಗೆ. ಅವರು ಬರೆದುಕೊಂಡದ್ದರಲ್ಲಿ ನೀರು ಇರಲೇ ಇಲ್ಲ. ಬೂದಿ ಮುಚ್ಚಿ ಏಳಬೇಕು ಎಂದಿತ್ತು. ಆ ಪಾತ್ರ ಮಾಡಿದಾಕೆ ನಾಟಕ ಕಂಪನಿಯ ನಟಿ, ಇದೇ ಕರಜಗಿ ಕಡೆಯವಳು. ಕಡೆಯ ಸಲ ಚಿತ್ರೀಕರಿಸುವಾಗ ಆಕೆ ಯಾರಿಗೂ ಹೇಳದೆ ತಂಬಿಗೆ ಎತ್ತಿ ಸುರಿದುಬಿಟ್ಟಳು. ಯಾಕೆಂದು ಕೇಳಿದರೆ ಉತ್ತರ ಕೊಡಲಿಲ್ಲ. ಉಗಿ ಬಹಳ ಸುಂದರವಾಗಿ ಬಂದಿತ್ತು, ಹಾಗೇ ಇಟ್ಟುಕೊಂಡೆವು. “ಆದರೆ ನನ್ನ ಮನಸ್ಸಿನಲ್ಲಿ ಆಕೆ ಸಂಜೆಗೆ ವಾಪಸ್ ಬರುತ್ತಾಳೆ” ಎಂದರು.

ಪ್ರೊಫೆಸರ್ ಸಾಹೇಬರು ಕೈಯಲ್ಲಿದ್ದ ಕಾಗದ ಮಡಚಿ, “ಆತಲ್ಲವಾ ಈಗ? ಮಾಡಿದವರೇ ಹೇಳ್ಯಾರ” ಎಂದರು.

ಆಗ ಕೂತುಬಿಡಬಹುದಿತ್ತು. ಕೂತಿದ್ದರೆ ಸಂಚಿಕೆಯ ಕೆಲಸ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು.  ಕೂರಲಿಲ್ಲ.

“ನೀವು ಬರದದ್ದು ಒಂದರಿ, ಆಕಿ ಮಾಡಿದ್ದು ಒಂದು. ಪರದಿ ಮ್ಯಾಲ ಇರೂದು ಆಕಿ ಮಾಡಿದ್ದು. ನಾ ನೋಡಿದ್ದನ್ನ ಬರದೇನಿ.”

ನಿರ್ದೇಶಕರು ಸಿಟ್ಟಾಗಲಿಲ್ಲ. ಗಡ್ಡ ತುರಿಸಿಕೊಂಡು, ಹಾಗಾದರೆ ನಾನೀಗ ಏನು ಮಾಡಲಿ ಎಂದು ನಿಜವಾಗಿ ಕೇಳಿದರು.

“ನೀವೇನೂ ಮಾಡಬ್ಯಾಡ್ರಿ. ಚಿತ್ರ ಭಾಳ ಚಲೋ ಅದ. ನೀವು ಹೇಳಾಕತ್ತಿದ್ದು ತಪ್ಪು ಅದ.”

ಹೆಂಗಸರ ಕಡೆಯಿಂದ ನಗು ಎದ್ದಿತು. ಪ್ರೊಫೆಸರ್ ಸಾಹೇಬರು ಸಭೆ ಮುಗಿಯಿತು ಎಂದು ಸಾರಿದರು. ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ಅವರು ಹತ್ತಿರ ಬಂದು, ಗುರುವಾರ ತಿದ್ದುಪಡಿ ಕಾಣಬೇಕು ಎಂದು ಅಣ್ಣಾರಾಯರಿಗೆ ತಿಳಿಸುವಂತೆ ಹೇಳಿ ಹೋದರು.

ಮಂಗಳವಾರ ಮಧ್ಯಾಹ್ನ ಅಣ್ಣಾರಾಯರು ಚೀಟಿ ಬರೆದು ನನ್ನ ಗೂಡಿನ ಮೇಲಿಟ್ಟರು. ಹಿಂದಿನ ವಿಮರ್ಶೆಯಲ್ಲಿ ಪ್ರಮಾದವಾಗಿದೆ, ನಾಯಕಿ ಮರಳಿ ಬರುತ್ತಾಳೆ ಎಂದು ಓದಿಕೊಳ್ಳಬೇಕು ಎಂದಿತ್ತು.

ಇದನ್ನು ಜೋಡಿಸುವುದಿಲ್ಲ ಎಂದೆ.

“ಪ್ರೆಸ್ ಯಾರದು?” ಎಂದರು. ಗದರಿ ಕೇಳಲಿಲ್ಲ, ದಣಿದವರ ಹಾಗೆ ಕೇಳಿದರು.

“ನಿಮ್ದರಿ. ಕೈ ನಂದು.”

ಅವರು ನನ್ನ ಸ್ಟೂಲಿನ ಮೇಲೆ ಕೂತು ತಾವೇ ಜೋಡಿಸಲು ಶುರು ಮಾಡಿದರು. ಒಂದು ಕಾಲಕ್ಕೆ ಅವರೇ ನನಗೆ ಈ ಕೆಲಸ ಕಲಿಸಿದವರು. ಈಗ ಮೊಳೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದರೂ ತ ಯಾವುದು, ಳ ಯಾವುದು ತಿಳಿಯುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ನೋಡಿದೆ. ಒಂದು ತಾಸಿಗೆ ಒಂದು ಸಾಲಾಯಿತು. ಪ್ರೂಫ್ ತೆಗೆದು ನೋಡಿದರೆ ‘ಬರುತ್ತಾಳೆ’ ಎಂಬುದು ಯಾವ ಭಾಷೆಯಲ್ಲೂ ಇಲ್ಲದ ಶಬ್ದವಾಗಿತ್ತು. ಅವರು ಅದನ್ನು ಬಹಳ ಹೊತ್ತು ಹಿಡಿದುಕೊಂಡು ಕೂತರು. ನನಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದರೂ ಆ ಸಾಲನ್ನು ಸರಿಮಾಡಿಕೊಡಲಿಲ್ಲ.

ಚಹಾ ತರಿಸಿದೆವು. ಚಹಾ ಕುಡಿದು ನಾನು ಸ್ಟೂಲಿನ ಮೇಲೆ ಕೂತೆ, ಅವರ ಎದುರಿಗೇ, ಚೀಟಿ ಇಲ್ಲದೆ ಜೋಡಿಸಿದೆ. ಪ್ರೂಫ್ ತೆಗೆದು ಅವರಿಗೆ ಓದಿಹೇಳಿದೆ.

‘ತಿದ್ದುಪಡಿ. ಎರಡು ವಾರದ ಹಿಂದೆ ಅಚ್ಚಾದ ಕಿರುಚಿತ್ರಗಳ ವಿಮರ್ಶೆಯಲ್ಲಿ, ಬಹುಶಃ ಆಕೆ ಮರಳಿ ಬರುವುದಿಲ್ಲ ಎಂದಿದೆ. ಬಹುಶಃ ಎಂಬ ಮಾತು ನಮ್ಮ ತಪ್ಪಿನಿಂದ ಸೇರಿತ್ತು. ಅದನ್ನು ಬಿಟ್ಟು ಓದಬೇಕು. ಸುಗಲಾಬಾಯಿ, ವಿಮರ್ಶಕಿ.’

“ನಮ್ಮ ತಪ್ಪು ಅಂದ್ರ ನಂದು” ಎಂದರು ಅಣ್ಣಾರಾಯರು.

“ಇಬ್ಬರದೂ ರಿ. ನೀವು ಬರದ್ರಿ, ನಾ ಜೋಡ್ಸಿದೆ.”

ಕಣ್ಣಿನ ಚಾಳೀಸು ತೆಗೆದು ಧೋತರದ ಅಂಚಿನಿಂದ ಒರೆಸಿದರು. ಸಂಚಿಕೆಯ ಕೆಲಸ ಹೋಯಿತು ಎಂದು ತಮಗೆ ತಾವೇ ಹೇಳಿಕೊಂಡರು. ಕಡೆಗೆ, ವಿಮರ್ಶಕಿ ಅನ್ನುವುದನ್ನಾದರೂ ತೆಗೆ, ಬರೀ ಹೆಸರು ಸಾಕು ಎಂದರು. ನಾನು ತೆಗೆಯಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಬುಧವಾರ ಸಂಜೆ ಆ ಪುಟ ಯಂತ್ರಕ್ಕೆ ಏರಿದಾಗ ಪೆಡಲ್ ತಾವೇ ತುಳಿದರು.

ಸಂಚಿಕೆ ಬೇರೆ ಪ್ರೆಸ್ಸಿಗೆ ಹೋಯಿತು. ಆ ಎರಡು ತಿಂಗಳು ನಾವು ಲಗ್ನಪತ್ರಿಕೆ ಮೇಲೆ ನಡೆದೆವು. ಶ್ರಾವಣ ಕಳೆದ ಮೇಲೆ ಅವೂ ಕಡಿಮೆ. ಪ್ರಶಸ್ತಿ ಆ ಕನ್ನಡಿ ಹೊರುವವನ ಚಿತ್ರಕ್ಕೆ ಬಂತೆಂದು ಕೇಳಿದೆ. ಅದು ನನಗೆ ಇನ್ನೂ ತಿಳಿದಿಲ್ಲ. ಕರಜಗಿ ಕಡೆಯ ಆ ನಟಿಯನ್ನು ಹುಡುಕಬೇಕೆಂದುಕೊಂಡಿದ್ದೆ, ಅವರ ಕಂಪನಿ ಆಗಲೇ ಮಹಾರಾಷ್ಟ್ರದ ಕಡೆ ದಾಟಿತ್ತು. ನನ್ನ ಕೆಲಸ ಮಾತ್ರ ಹೋಗಲಿಲ್ಲ. ವಕೀಲರು ಗುಣವಾಗಿ ಬಂದ ಮೇಲೂ ಸಿನಿಮಾದ ಮೂಲೆ ನನ್ನ ಹತ್ತಿರವೇ ಉಳಿಯಿತು. ಪ್ರೆಸ್ ಮುಚ್ಚುವ ತನಕ ಹೆಸರು ಹಾಕಿಯೇ ಬರೆದೆ. ಯಾವ ಸಾಲಿಗೂ ಇನ್ನೊಬ್ಬರ ಬಹುಶಃ ಸೇರಿಸಲಿಲ್ಲ. ಬೇಕಾದಲ್ಲಿ ನನ್ನದೇ ಹಾಕಿಕೊಂಡೆ.

ಆ ಗುರುವಾರ ಸಂಜೆ ಪತ್ರಿಕೆಯ ಒಂದು ಪ್ರತಿ ಮನೆಗೆ ತಂದೆ. ನೀಲಮ್ಮತ್ತೆಗೆ ಓದು ಬರುವುದಿಲ್ಲ. ಓದಿಸಿ ಕೇಳಿ, ಅದರಲ್ಲಿ ನಿನ್ನ ಹೆಸರು ಎಲ್ಲಿದೆ ಬೆರಳಿಟ್ಟು ತೋರಿಸು ಎಂದರು. ತೋರಿಸಿದೆ. ಮನೆಯವರು ಅಂಗಡಿ ಮುಚ್ಚಿ ಬಂದು ಎಣ್ಣೆಗೈ ತೊಳೆಯುವುದಕ್ಕೆ ಮೊದಲೇ ಅದನ್ನು ಓದಿದರು. ಮೂಲೆಯ ಮೇಲೆ ಅವರ ಹೆಬ್ಬೆಟ್ಟಿನ ಕಪ್ಪು ಉಳಿಯಿತು. ಪುಂಡಿಪಲ್ಯ, ಬಿಸಿರೊಟ್ಟಿ, ಹಸಿ ಉಳ್ಳಾಗಡ್ಡಿ, ಮೇಲೆ ಸ್ವಲ್ಪ ಗಟ್ಟಿಮೊಸರು ಇತ್ತು. ರೊಟ್ಟಿ ಆ ಹೊತ್ತು ಅತ್ತೆಯೇ ಬಡಿದರು, ಬೇಡವೆಂದರೂ ಕೇಳಲಿಲ್ಲ. ನಾನು ಎರಡೂವರೆ ತಿಂದೆ. ಭಾಂಡೆ ತಿಕ್ಕಲು ಏಳಬೇಕೆನ್ನುತ್ತ ಗೋಡೆಗೆ ಒರಗಿದ್ದಷ್ಟು ನೆನಪು. ಆ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅವತ್ತೊಂದು ದಿನ, ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು.